ಬೀಳಬಾರದ ರಿಬ್ಬನ್

"ಇನ್ನು ಯಾರಾದ್ರೂ ಇದ್ದೀರಾ? ಫೋಟೊ ಬೇಕಾದವರು?"

ವೇದಿಕೆಯ ಅಂಚಿನಲ್ಲಿ ಮಂಡಿಯೂರಿ ಕೂತು ಸುಜುನೊ ಮತ್ತೊಮ್ಮೆ ಕೇಳಿದಳು. ಸಾಲಿನಲ್ಲಿ ಕೊನೆಯವನಾಗಿ ನಿಂತಿದ್ದ ಗಂಡಸು ಜೇಬಿಗೆ ಹಾಕಿದ್ದ ಕೈಯನ್ನು ಬರಿದಾಗಿಯೇ ಹೊರತೆಗೆದು, ಸುಮ್ಮನೆ ಕೆಮ್ಮಿ, ತನ್ನ ಕುರ್ಚಿಗೆ ವಾಪಸಾದ. ಈಗ ಅವಳ ಮುಂದೆ ಯಾರೂ ಇರಲಿಲ್ಲ. ಕುಣಿತದ ಬೆವರು ಬೆನ್ನ ಮೇಲೆ ಆರುತ್ತಿತ್ತು. ಮೈಮೇಲೆ ಎಳೆದುಕೊಂಡಿದ್ದ ತೆಳು ಅಂಗಿ ಅಲ್ಲಲ್ಲಿ ಅಂಟಿಕೊಂಡಿತ್ತು. ಕುಣಿತದ ಕೊನೆಗೆ ಗಿರಾಕಿಗಳು ದುಡ್ಡು ಕೊಟ್ಟು ಅವಳ ಫೋಟೊ ತೆಗೆಯುವ, ಕ್ಲಿಕ್ಕಿಸಿದ ಕೂಡಲೇ ಫೋಟೊ ಉಗುಳುವ ಥಿಯೇಟರಿನ ಹಳೆಯ ಕ್ಯಾಮೆರಾವನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ತೊಡೆಯ ಮೇಲಿಟ್ಟುಕೊಂಡಳು.

"ಪಾಪ, ಅವನು ಕಕ್ಕಸಿಗೆ ಅಂತ ಎದ್ದಿದ್ದ ಕಣಮ್ಮ! ಸಾಲು ಅಂದ್ಕೊಂಡು ನಿಂತ್ಬಿಟ್ಟ!" ಎಂದು ಮುಂದಿನ ಕುರ್ಚಿಯಿಂದ ನೊಗುಚಿ ಕೂಗಿದ. ಬೆಳಿಗ್ಗೆ ತೋಫು ಮಾರಿ ಮುಗಿಸಿ ಮಧ್ಯಾಹ್ನದ ಮೊದಲ ಆಟಕ್ಕೇ ಬಂದು ಕೂರುವ ಆಸಾಮಿ. ಕುಣಿಯುವವರ ಕಾಲೆಳೆಯುವುದು ಟಿಕೆಟ್ಟಿನಲ್ಲೇ ಸೇರಿದೆ ಎಂದು ತಿಳಿದವನು.

ಎಲ್ಲರೂ ನಕ್ಕರು. ಸುಜುನೊ ಕೂಡ ನಕ್ಕು, ಹಣೆ ನೆಲಕ್ಕೆ ತಾಗುವಂತೆ ಬಾಗಿ, ಎದ್ದು ಒಳಗೆ ಹೋದಳು. ಪರದೆ ದಾಟುವವರೆಗೂ ನಗು ಮುಖದ ಮೇಲೇ ಇತ್ತು. ದಾಟಿದ ಮೇಲೆ ಅದನ್ನು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಪರದೆಯ ಹಿಂದೆ ತೊಮೊಯೆ ತನ್ನ ಸರದಿಗೆ ತಯಾರಾಗಿ ನಿಂತಿದ್ದಳು. ನಲವತ್ತು ದಾಟಿದ ಹೆಂಗಸು. ನಡುವಿಗೆ ಹಚ್ಚಿಕೊಂಡಿದ್ದ ನೋವಿನ ಪಟ್ಟಿಯನ್ನು ಕಿತ್ತು ಗೋಡೆಗೆ ಅಂಟಿಸಿ, "ಇದನ್ನ ಕಾಯ್ತಾ ಇರು, ಬಂದು ಮತ್ತೆ ಹಾಕ್ಕೋತೀನಿ," ಎಂದು ಸುಜುನೊಳ ಕೆನ್ನೆ ತಟ್ಟಿ ಬೆಳಕಿಗೆ ಕಾಲಿಟ್ಟಳು.

ಸುಜುನೊ ಪರದೆಯ ಸಂದಿಯಿಂದ ನೋಡಿದಳು. ತೊಮೊಯೆಯ ಕುಣಿತದಲ್ಲಿ ಅಂಥದ್ದೇನೂ ಇರಲಿಲ್ಲ. ಅರ್ಧ ಹೆಜ್ಜೆಗಳು, ಒಂದು ಕಡೆ ತಾಳವೇ ತಪ್ಪಿತು. ಆದರೆ ಅವಳು ಕೊನೆಯ ತೆಳು ಬಟ್ಟೆಯನ್ನೂ ಕಳಚಿ, ಜನರ ನಡುವಿನವರೆಗೆ ಚಾಚಿಕೊಂಡ ವೇದಿಕೆಯ ತುದಿಯಲ್ಲಿ ತಿರುಗುವ ದುಂಡು ತಟ್ಟೆಯ ಮೇಲೆ ಒರಗಿ, ಒಂದು ಕಾಲನ್ನು ಮೆಲ್ಲನೆ ಮೇಲಕ್ಕೆತ್ತಿ ನಿಲ್ಲಿಸಿದಾಗ ಇಡೀ ಥಿಯೇಟರು ಉಸಿರು ಬಿಗಿಹಿಡಿಯಿತು. ಆ ಗಳಿಗೆಗೇ ಕಾದಿದ್ದವನಂತೆ ಎಡಗೋಡೆಗೆ ಒರಗಿ ನಿಂತಿದ್ದ ಮುದುಕ ಇವಾಸೆ ಕೈ ಬೀಸಿದ. ಬೆಳ್ಳಿ ಬಣ್ಣದ ಕಾಗದದ ರಿಬ್ಬನ್ನುಗಳು ಹತ್ತಾರು ಎಳೆಯಾಗಿ ಬಿಚ್ಚಿಕೊಂಡು, ಅವಳ ಮೇಲೊಂದು ಕಮಾನು ಕಟ್ಟಿ, ಮೈಗೆ ತಾಗುವ ಮೊದಲೇ ಸರ್ರನೆ ಅವನ ಮುಷ್ಟಿಗೆ ಮರಳಿದವು. ನೆರಳು ಮಾತ್ರ ಅವಳ ಮೈಮೇಲೆ ಹಾದುಹೋಯಿತು. ಅದೇ ಕಟ್ಟಳೆ. ನೆರಳು ಮುಟ್ಟಬಹುದು, ರಿಬ್ಬನ್ ಮುಟ್ಟಬಾರದು.

ಇವಾಸೆ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ದುಡಿದವನು. ಹಡಗು ದಡಕ್ಕೆ ಬರುವಾಗ ಹಗ್ಗ ಎಸೆದು ಕಟ್ಟುವುದು ಅವನ ಕೆಲಸವಾಗಿತ್ತು. ತೊಮೊಯೆ ಮೊಟ್ಟಮೊದಲು ಈ ವೇದಿಕೆ ಹತ್ತಿದ ಪಾಳಿಯಿಂದ ಅವಳಿಗಾಗಿಯೇ ರಿಬ್ಬನ್ ಎಸೆಯುತ್ತ ಬಂದಿದ್ದಾನೆ. ಟಿಕೆಟ್ಟೂ ಅವನದೇ ದುಡ್ಡು, ರಿಬ್ಬನ್ನೂ ಅವನದೇ ದುಡ್ಡು. ಅವಳು ಬೇರೆ ಊರಿನ ಥಿಯೇಟರಿಗೆ ಹತ್ತು ದಿನದ ಪಾಳಿಗೆ ಹೋದರೆ ಹಿಂದಿನ ರೈಲಿನಲ್ಲಿ ಇವನು. ರಿಬ್ಬನ್ ಎಸೆಯುವವನಿಗೆ ಒಬ್ಬಳೇ ಕುಣಿಯುವವಳು. ಯಾಕೆ ಎಂದು ಯಾರೂ ಕೇಳುವುದಿಲ್ಲ.

ಹಾಡು ಮುಗಿಯುವ ಮೊದಲೇ ತೊಮೊಯೆಯ ಫೋಟೊ ಸಾಲು ಗೋಡೆ ಮುಟ್ಟಿ, ಅಲ್ಲಿಂದ ತಿರುಗಿ ಬಾಗಿಲ ಕಡೆ ಬೆಳೆದಿತ್ತು.

ಅದನ್ನು ನೋಡಿದವಳು ಸುಜುನೊ ಒಬ್ಬಳೇ ಅಲ್ಲ. ಟಿಕೆಟ್ ಕಿಂಡಿಯ ಹಿಂದೆ, ಕಾಲಬುಡದಲ್ಲಿ ಹೀಟರ್ ಇಟ್ಟುಕೊಂಡು ಕೂತ ಯಜಮಾನಿ ಒಕಿನೊ ಅವಳನ್ನು ಕರೆಸಿಕೊಂಡಳು.

"ಕುಣಿತ ಚೆನ್ನಾಗಿದೆ. ನಾನೂ ಚಪ್ಪಾಳೆ ಹೊಡೀತೀನಿ," ಎಂದಳು ಕಿತ್ತಳೆ ಸುಲಿಯುತ್ತ. "ಆದ್ರೆ ಚಪ್ಪಾಳೆಯಿಂದ ಈ ಹೀಟರ್ ಉರಿಯಲ್ಲ ಮಗಳೆ. ಟಿಕೆಟ್ ದುಡ್ಡು ಕರೆಂಟಿಗೇ ಸರಿಹೋಗುತ್ತೆ. ನನಗೂ ನಿಮಗೂ ಅನ್ನ ಹಾಕೋದು ಫೋಟೊ. ಈ ಪಾಳಿ ಮುಗಿಯೋದ್ರೊಳಗೆ ನಿನ್ನ ಸಾಲು ಬೆಳೀಲಿಲ್ಲ ಅಂದ್ರೆ ಹೊಸ ವರ್ಷಕ್ಕೆ ನಿನ್ನ ಕರೆಯೋದಿಲ್ಲ. ನಾನು ಕರೀಲಿಲ್ಲ ಅಂದ್ರೆ ಬೇರೆ ಊರಿನವರೂ ಕರೆಯಲ್ಲ. ನಾವೆಲ್ಲ ಫೋನಲ್ಲಿ ಮಾತಾಡ್ಕೋತೀವಿ, ಗೊತ್ತಲ್ಲ?"

"ಗೊತ್ತು, ಯಜಮಾನಿ."

"ತಗೋ, ಕಿತ್ತಳೆ ತಿನ್ನು. ಮುಖ ಯಾಕೆ ಹಾಗೆ ಮಾಡ್ಕೋತೀಯ."

ಸುಜುನೊ ಸೆಂದಾಯಿ ನಗರದ ಒಂದು ನೃತ್ಯ ತಂಡದಲ್ಲಿ ಆರು ಜನರ ಹಿಂದೆ ಏಳನೆಯವಳಾಗಿ ಕುಣಿಯುತ್ತಿದ್ದವಳು. ತಂಡ ಮುಚ್ಚಿತು. ಇಲ್ಲಿಗೆ ಬಂದಾಗ ಬಟ್ಟೆ ಕಳಚುವುದು ಅವಳಿಗೆ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ದಿನಕ್ಕೆ ನಾಲ್ಕು ಆಟ. ನಾಲ್ಕರಲ್ಲೂ ಪೂರ್ತಿ ವೇದಿಕೆ ಅವಳೊಬ್ಬಳದೇ. ಹಾಡು ಅವಳು ಆರಿಸಿದ್ದು, ಬೆಳಕು ಅವಳು ಹೇಳಿದ ಹಾಗೆ. ಹೆಸರಿಲ್ಲದ ಕುಣಿತಗಾತಿಗೆ ಲೋಕದಲ್ಲಿ ಇನ್ನೆಲ್ಲಿ ಇಂಥ ವೇದಿಕೆ ಕೊಡುತ್ತಾರೆ? ಇದು ಹೋದರೆ ಮತ್ತೆ ಯಾರದೋ ಬೆನ್ನು ನೋಡುತ್ತ ಕುಣಿಯಬೇಕು, ಅದೂ ಸಿಕ್ಕರೆ.

ಬಣ್ಣದ ಕೋಣೆಯಲ್ಲಿ ಕಾಲುಗಳನ್ನು ಅಡಿಯಲ್ಲಿ ಹೀಟರ್ ಇದ್ದ ಬೆಚ್ಚನೆಯ ಮೇಜಿನ ಕೆಳಗೆ ತೂರಿಸಿ ಕೂತು ಅವಳು ಅತ್ತಳು. ತೊಮೊಯೆ ನೂಡಲ್ಸಿಗೆ ಬಿಸಿನೀರು ಹೊಯ್ಯುತ್ತಿದ್ದಳು.

"ನಿನ್ನ ಕಾಲು ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ ಕಣೇ," ಎಂದಳು. "ಅಷ್ಟು ಚೆನ್ನಾಗಿ ಎತ್ತುತೀಯ. ಕುಣಿದು ಮುಗೀತು, ಆಮೇಲೆ ಬ್ಯಾಂಕಿನವಳ ಥರ ಕೂತ್ಕೋತೀಯ. ಮುಂದಿನವರು, ಮುಂದಿನವರು. ಅವರು ಹೆದರ್ಕೊಂಡು ಓಡಿಹೋಗ್ತಾರೆ."

"ಮತ್ತೇನು ಅನ್ನಬೇಕು ಅಕ್ಕ?"

"'ಊಟ ಆಯ್ತಾ' ಅನ್ನು."

"ಅಷ್ಟೇನಾ?"

"ಅಷ್ಟೇ ಅಂದ್ಕೊಂಡ್ಯಾ? ಇಲ್ಲಿ ಬರೋ ಅರ್ಧ ಜನರನ್ನ ಬೆಳಿಗ್ಗೆಯಿಂದ ಯಾರೂ ಆ ಮಾತು ಕೇಳಿರಲ್ಲ. ಏನು ಕೆಲಸ ಮಾಡ್ತೀರಿ ಅಂತ ಮಾತ್ರ ಕೇಳಬೇಡ. ಅರ್ಧ ಜನಕ್ಕೆ ಕೆಲಸ ಇರಲ್ಲ, ಇನ್ನರ್ಧ ಜನ ಅದನ್ನ ಮರೆಯೋಕೇ ಬಂದಿರ್ತಾರೆ. ಅವನು ಕ್ಯಾಮೆರಾ ಎತ್ತಿದಾಗ ಕ್ಯಾಮೆರಾ ನೋಡಬೇಡ. ಮೊದಲು ಅವನ ಕೈ ನೋಡು. ಗಾಯ ಇರುತ್ತೆ, ಮೀನಿನ ವಾಸನೆ ಇರುತ್ತೆ, ಉಂಗುರ ತೆಗೆದ ಗುರುತಿರುತ್ತೆ. ಕೈ ನೋಡಿದ ಮೇಲೆ ಕಣ್ಣು ನೋಡು. ಅವನು ಆಗಲೇ ನಿನ್ನವನು."

ಹೇಳಿದ್ದು ಒಂದೆರಡಲ್ಲ. ದುಡ್ಡು ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಬಾರದು, ಬಂದಿದ್ದಕ್ಕೆ ಹೇಳಬೇಕು. ಫೋಟೊಗೆ ಬಾರದವನನ್ನು ಕರೆಯಬಾರದು. ತಟ್ಟೆಯ ಮೇಲೆ ತಿರುಗುವಾಗ ಅವನೊಬ್ಬನನ್ನು ಒಂದೇ ಸಲ ನೋಡಬೇಕು. ತೆಗೆದ ಫೋಟೊದ ಮೇಲೆ ಕೋಣೆಯಲ್ಲಿ ಕೂತು ಎರಡು ಸಾಲು ಬರೆದು ಮುಂದಿನ ಆಟದಲ್ಲಿ ಕೊಡುವುದು ವಾಡಿಕೆ. ಆ ಎರಡು ಸಾಲು ಪೂರ್ತಿಯಾಗಬಾರದು. 'ನಿಮ್ಮ ನಾಯಿ ಏನು ಮಾಡ್ತು ಅಂತ ನೀವು ಹೇಳಲೇ ಇಲ್ಲ' ಎಂದು ನಿಲ್ಲಿಸಬೇಕು. ಹೇಳಲಿಕ್ಕೆ ಅವನು ಮತ್ತೆ ಬರುತ್ತಾನೆ.

"ಇನ್ನೊಂದು," ಎಂದಳು ತೊಮೊಯೆ, ನೂಡಲ್ಸಿನ ಬಟ್ಟಲನ್ನು ಅವಳ ಮುಂದೆ ತಳ್ಳಿ. "ನೀನು ತಪ್ಪೇ ಮಾಡಲ್ಲ. ಅದೇ ನಿನ್ನ ರೋಗ. ಎಲ್ಲ ಸರಿಯಾಗಿದ್ರೆ ಗಂಡಸರು ಚಪ್ಪಾಳೆ ಹೊಡೆದು ಮನೆಗೆ ಹೋಗ್ತಾರೆ. ಎಲ್ಲೋ ಒಂದು ಕಡೆ 'ಅಯ್ಯೋ' ಅನ್ನಿಸಬೇಕು. ಅಯ್ಯೋ ಅನ್ನಿಸಿದವನು ಸಾಲಲ್ಲಿ ನಿಲ್ತಾನೆ. ಒಂದು ವರ್ಷ ನಾನು ತಟ್ಟೆಯಿಂದ ಕೆಳಗೆ ಬಿದ್ದು ಹಲ್ಲು ಮುರ್ಕೊಂಡೆ. ಆ ಪಾಳಿಯಷ್ಟು ಫೋಟೊ ನಾನು ಯಾವತ್ತೂ ಮಾರಿಲ್ಲ."

"ಬೀಳಬೇಕಾ ಹಾಗಾದ್ರೆ?"

"ಬೇಕಂತ ಬಿದ್ರೆ ಗೊತ್ತಾಗುತ್ತೆ. ತಿನ್ನು, ಆರುತ್ತೆ."

ಮರುದಿನದಿಂದ ಸುಜುನೊ ಹೆಜ್ಜೆ ಕಲಿತಂತೆಯೇ ಇದನ್ನೂ ಕಲಿತಳು. ಮೊದಲ ಆಟದಲ್ಲಿ ನಾಲಿಗೆ ತೊಡರಿತು. ನೊಗುಚಿಯನ್ನೇ "ಊಟ ಆಯ್ತಾ?" ಎಂದು ಕೇಳಿದಾಗ ಅವನು, "ತೋಫು ಮಾರುವವನು ತೋಫು ಬಿಟ್ಟು ಇನ್ನೇನು ತಿಂತಾನೆ? ನೀನು ಮಾಡಿ ಹಾಕು, ತಿಂತೀನಿ," ಎಂದು ಎಲ್ಲರನ್ನೂ ನಗಿಸಿದ. ಆದರೆ ಎರಡನೆಯ ಆಟದಲ್ಲಿ, ಯಾರೂ ಕೇಳದ ಹಾಗೆ ಅವಳ ಕಿವಿಯ ಹತ್ತಿರ ಬಂದು, "ಆಗಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿದಾಳೆ," ಎಂದು ಹೇಳಿ ಎರಡು ಫೋಟೊ ತೆಗೆದುಕೊಂಡು ಹೋದ. ಇಷ್ಟು ಸುಲಭವಾಗಿ ಒಬ್ಬ ಮನುಷ್ಯನ ಬಾಗಿಲು ತೆರೆಯುತ್ತದೆ ಎಂದು ಸುಜುನೊಗೆ ಯಾರೂ ಹೇಳಿರಲಿಲ್ಲ.

ಸಾಲು ಬೆಳೆಯಿತು. ಗೋಡೆ ಮುಟ್ಟಲಿಲ್ಲ.

"ಬೆಳೀತಿದೆ," ಎಂದಳು ಯಜಮಾನಿ. "ಸಾಲದು."

ಪಾಳಿಯ ನಡುವಿನ ಒಂದು ಮಧ್ಯಾಹ್ನ, ತೊಮೊಯೆ ಕಾಲೆತ್ತಿ ಹಿಡಿದ ಗಳಿಗೆಯಲ್ಲಿ, ಇವಾಸೆಯ ಕೈಯಿಂದ ಹೊರಟ ರಿಬ್ಬನ್ ವಾಪಸು ಹೋಗಲಿಲ್ಲ.

ಕಮಾನು ಕಟ್ಟಿತು, ಗಾಳಿಯಲ್ಲಿ ಒಂದು ಕ್ಷಣ ತಡೆಯಿತು, ಆಮೇಲೆ ಅವಳ ಕುತ್ತಿಗೆಯ ಮೇಲೆ, ಎದೆಯ ಮೇಲೆ ಬಿತ್ತು. ಹಾಡಿಗೆ ಗಿರಾಕಿಯೊಬ್ಬ ಬಡಿಯುತ್ತಿದ್ದ ಕೈತಾಳ ನಿಂತಿತು. ತೊಮೊಯೆ ಅಲುಗಲಿಲ್ಲ. ಕಾಲು ಹಾಗೇ ಮೇಲಕ್ಕಿತ್ತು, ಮುಖದ ನಗೆಯೂ ಹಾಗೇ ಇತ್ತು, ರಿಬ್ಬನ್ ಅವಳ ಉಸಿರಿಗೆ ಏರಿಳಿಯುತ್ತಿತ್ತು. ಎಡಗೋಡೆಯ ಹತ್ತಿರ ಇವಾಸೆ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದ. ಬಿಟ್ಟರೆ ಅದು ನಡುಗುತ್ತಿತ್ತು. ಬಹಳ ದಿನದಿಂದ ಅದು ನಡುಗುತ್ತಿದ್ದಿರಬೇಕು. ಎಸೆಯುವ ಗಳಿಗೆಗೆ ಮಾತ್ರ ಅವನು ಹೇಗೋ ಅದನ್ನು ಸುಮ್ಮನಿರಿಸಿಕೊಳ್ಳುತ್ತಿದ್ದಿರಬೇಕು.

ಅವನು ರಿಬ್ಬನ್ನುಗಳ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದ.

ಮರುದಿನ ಬಂದ. ಚೀಲ ಇರಲಿಲ್ಲ. ಕೊನೆಯ ಸಾಲಿನ ಕುರ್ಚಿಯಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ತೊಮೊಯೆಯ ಸಾಲಿನಲ್ಲೂ ನಿಲ್ಲಲಿಲ್ಲ.

"ಏನಾದ್ರೂ ಹೇಳಬಾರದಾ ಅಕ್ಕ ಅವರಿಗೆ? ಪರವಾಗಿಲ್ಲ ಅಂತ?"

"ಪರವಾಗಿಲ್ಲ ಅಂದ್ರೆ ಕ್ಷಮಿಸಿದ ಹಾಗಾಯ್ತು," ಎಂದಳು ತೊಮೊಯೆ. ಅವಳು ಹುಬ್ಬು ತಿದ್ದಿಕೊಳ್ಳುತ್ತಿದ್ದಳು; ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಆ ಮನುಷ್ಯ ಕ್ಷಮೆ ತಡ್ಕೊಳ್ಳಲ್ಲ. ಕಾಯಬೇಕು. ಎಸೆಯೋಕಾದ್ರೆ ಅವರೇ ಎದ್ದು ನಿಲ್ತಾರೆ. ಆಗಲ್ಲ ಅಂದ್ರೆ ಕೂತಿರ್ತಾರೆ. ಕೂತ್ಕೊಂಡು ನೋಡಿದ್ರೂ ನೋಡಿದ ಹಾಗೇ ಅಲ್ವಾ?"

ಸುಜುನೊ ಕಾಯಲಿಲ್ಲ. ಅವಳಿಗೆ ಉಳಿದಿದ್ದು ನಾಲ್ಕೇ ದಿನ.

ಬಾಗಿಲ ಬಳಿ, ಬಿಸಿ ಕಾಫಿ ಡಬ್ಬಿ ಮಾರುವ ಯಂತ್ರದ ಮುಂದೆ ಇವಾಸೆ ಸಿಕ್ಕಿದ. ನಾಣ್ಯವನ್ನು ಸೀಳಿಗೆ ಹಾಕಲು ಅವನ ಕೈಗೆ ಆಗುತ್ತಿರಲಿಲ್ಲ. ಅವಳು ಆ ನಾಣ್ಯ ತೆಗೆದುಕೊಂಡು ತಾನೇ ಹಾಕಿ, ಡಬ್ಬಿ ತೆಗೆದು ಅವನ ಎರಡು ಅಂಗೈಗಳ ನಡುವೆ ಇಟ್ಟಳು. ಮೊದಲು ಕೈ ನೋಡಿದಳು, ಆಮೇಲೆ ಕಣ್ಣು.

"ಇವಾಸೆಯವರೆ, ಊಟ ಆಯ್ತಾ?"

ಅವನು ಬೆಚ್ಚಿದಂತೆ ಕಂಡಿತು.

"ನನಗೆ ರಿಬ್ಬನ್ ಎಸೆಯೋರು ಯಾರೂ ಇಲ್ಲ," ಎಂದಳು. "ನೀವು ಎಸೀರಿ. ನನ್ನ ಮೇಲೆ ಬಿದ್ರೂ ನನಗೆ ಬೇಜಾರಿಲ್ಲ. ನಿಜ ಹೇಳ್ತೀನಿ, ನನಗೆ ಬಿದ್ರೇ ಚೆಂದ ಅನ್ನಿಸ್ತು."

"ಹಾಗೆಲ್ಲ ಆಗಲ್ಲಮ್ಮ. ನಾನು ತೊಮೊಯೆಯವನು."

"ಅಕ್ಕನ್ನ ಕೇಳಿದೀನಿ. ಆಗಲಿ ಅಂದ್ರು."

ಕೇಳಿರಲಿಲ್ಲ. ಹೇಳುವ ಮೊದಲು ಆ ಸುಳ್ಳು ಅವಳ ಮನಸ್ಸಿನಲ್ಲೂ ಇರಲಿಲ್ಲ; ನಾಲಿಗೆಗೆ ತಾನಾಗಿ ಬಂತು. ಅದರಲ್ಲಿ ಕನಿಕರ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ. ಎರಡೂ ಒಂದೇ ನೂಲಿನಲ್ಲಿ ಹೊಸೆದುಕೊಂಡಿದ್ದವು. ಇವಾಸೆ ಮಾತ್ರ ಡಬ್ಬಿಯನ್ನು ತೆರೆಯದೆ ಹಾಗೇ ಹಿಡಿದುಕೊಂಡು, "ಆಗಲಿ ಅಂದಳಾ? ಅವಳೇ ಅಂದಳಾ?" ಎಂದು ಎರಡು ಸಲ ಕೇಳಿದ.

ಮರುದಿನ ಅವನು ಚೀಲ ತಂದ. ಸುಜುನೊಳ ಹಾಡಿಗೆ ಎದ್ದು ನಿಂತಾಗ ಹಳೆಯ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಕೈತಾಳದವನು ಒಂದು ಪೆಟ್ಟು ತಪ್ಪಿಸಿದ. ತಟ್ಟೆ ತಿರುಗಿತು, ಅವಳು ಬೆನ್ನು ಬಾಗಿಸಿ ತಲೆಯನ್ನು ಹಿಂದಕ್ಕೆ ಚೆಲ್ಲಿ ನಿಂತಳು, ರಿಬ್ಬನ್ ಬಂತು, ಬಿತ್ತು. ಅವಳು ತೊಮೊಯೆಯಂತೆ ಅಲುಗದೆ ಇರಲಿಲ್ಲ. ಬಿದ್ದ ರಿಬ್ಬನ್ನನ್ನು ಎರಡೂ ಕೈಯಲ್ಲಿ ಬಾಚಿ, ಚಳಿಗೆ ಶಾಲು ಹೊದ್ದವಳಂತೆ ಮೈಗೆ ಸುತ್ತಿಕೊಂಡು, ಎಡಗೋಡೆಯ ಕಡೆ ನೋಡಿ ಮಗುವಿನಂತೆ ನಕ್ಕಳು.

ಥಿಯೇಟರಿನ ತುಂಬ ಒಂದು 'ಅಯ್ಯೋ' ಎದ್ದಿತು.

ಸಾಲು ಗೋಡೆ ಮುಟ್ಟಿತು. ರಿಬ್ಬನ್ ಸುತ್ತಿಕೊಂಡ ಹಾಗೇ ಫೋಟೊ ಬೇಕೆಂದರು. ಒಬ್ಬ ಮುದುಕ ಅಳುತ್ತಿದ್ದ. "ಅವನ ಕೈ ನಡುಗುತ್ತೆ, ನೀನು ಬೇಜಾರು ಮಾಡ್ಕೊಳ್ಳಲಿಲ್ಲ ನೋಡು," ಎಂದ. ಸುಜುನೊ ಅವನ ಕೈ ನೋಡಿ, ಕಣ್ಣು ನೋಡಿ, ಬಂದಿದ್ದಕ್ಕೆ ಥ್ಯಾಂಕ್ಸ್ ಹೇಳಿದಳು.

ಅವಳು ಒಳಗೆ ಬಂದಾಗ ತೊಮೊಯೆ ಪರದೆಯ ಹಿಂದೆ ನಿಂತಿದ್ದಳು. ನಡುವಿನ ಪಟ್ಟಿ ಕಿತ್ತು, ಗೋಡೆಗೆ ಅಂಟಿಸಿ, ಬೆಳಕಿಗೆ ಹೋದಳು. ಆ ದಿನ ಅವಳು ಕಾಲೆತ್ತಿ ಹಿಡಿದಾಗ ಎಡಗೋಡೆಯ ಕಡೆಯಿಂದ ಏನೂ ಬರಲಿಲ್ಲ. ಇವಾಸೆ ಎದ್ದು ನಿಂತಿದ್ದನಂತೆ, ಅವಳು ಬೇಡವೆಂದು ಮೆಲ್ಲನೆ ತಲೆಯಾಡಿಸಿದಳಂತೆ, ಕೂತನಂತೆ. ಅದನ್ನು ನೊಗುಚಿ ಆಮೇಲೆ ಹೇಳಿದ.

ಸುದ್ದಿ ಊರಿಗೆ ಹಬ್ಬಿತು. ನಾಲ್ಕನೆಯ ಆಟದವರು ಮೊದಲನೆಯದಕ್ಕೇ ಬಂದರು, ಮೊದಲನೆಯದಕ್ಕೆ ಬಂದವರು ಎದ್ದು ಹೋಗಲಿಲ್ಲ. ಬಾಗಿಲ ಆಚೆ ಹಿಮಮಳೆಯಲ್ಲಿ ಕೊಡೆ ಹಿಡಿದು ನಿಂತರು. ಸುಜುನೊಳ ಹಾಡು ಶುರುವಾದರೆ ಕಣ್ಣುಗಳೆಲ್ಲ ಅವಳ ಕಡೆ ಅರ್ಧ, ಎಡಗೋಡೆಯ ಕಡೆ ಅರ್ಧ. ಒಂದು ಮಧ್ಯಾಹ್ನ ಯಾವನೋ ಹೊಸಬ ಸಾಕೆಯ ಅಮಲಿನಲ್ಲಿ ಕೂಗಿಯೇಬಿಟ್ಟ. "ಬೀಳ್ಸು ತಾತ, ಬೀಳ್ಸು!"

ನಗು ಬಂತು. ಕೆಟ್ಟ ನಗುವೇನಲ್ಲ, ತಾತನ ಮೇಲೆ ಪ್ರೀತಿ ಇದ್ದ ನಗುವೇ. ಇವಾಸೆಯ ಮುಖ ಕತ್ತಲಲ್ಲಿತ್ತು.

ಅವಳು ಬೆನ್ನು ಬಾಗಿಸಿ ನಿಂತಳು. ಅವನು ಎಸೆದ.

ಅಂದು ಆ ಕೈ ನಡುಗಲಿಲ್ಲ. ಹೇಗೆ ಎಂದು ಯಾರಿಗೆ ಗೊತ್ತು. ಬಹುಶಃ ಆ ಕೂಗಿಗೆ ಹಡಗಿನ ದಿನಗಳ ಕೈ ಎಚ್ಚೆತ್ತಿತೇನೋ. ರಿಬ್ಬನ್ನುಗಳು ಎಂದೂ ಇಲ್ಲದ ಎತ್ತರಕ್ಕೆ ಹೋಗಿ, ಒಂದೊಂದು ಎಳೆಯೂ ಬೇರೆಬೇರೆಯಾಗಿ ಬಿಚ್ಚಿ, ಅವಳ ಮೇಲೆ ಅಗಲವಾದ ಕಮಾನು ಕಟ್ಟಿ, ಒಂದು ಗಳಿಗೆ ನಿಂತು, ಸರ್ರನೆ ಮರಳಿ ಅವನ ಮುಷ್ಟಿ ಸೇರಿದವು. ಒಂದು ಎಳೆಯೂ ಅವಳನ್ನು ಸೋಕಲಿಲ್ಲ. ಜೀವಮಾನದಲ್ಲಿ ಅವನು ಅದಕ್ಕಿಂತ ಚೆನ್ನಾಗಿ ಎಸೆದಿರಲಿಕ್ಕಿಲ್ಲ.

"ಛೇ," ಎಂದರು ಜನ.

ಬಾಯಿಬಿಟ್ಟು ಅಂದವರು ಎಷ್ಟೋ, ಉಸಿರಲ್ಲೇ ಅಂದವರು ಎಷ್ಟೋ. ಥಿಯೇಟರಿನ ಗಾಳಿಯೆಲ್ಲ ಒಂದೇ ಸಲ ಇಳಿದುಹೋದಂತಾಯಿತು. ತಟ್ಟೆ ತಿರುಗುತ್ತ ಸುಜುನೊಳ ಮುಖವನ್ನು ಎಡಗೋಡೆಯ ಕಡೆಗೆ ತಂದಿತು. ಬಾಚಿಕೊಳ್ಳಲು ಎತ್ತಿದ್ದ ಅವಳ ಎರಡೂ ಕೈ ಬರಿದಾಗಿ ಗಾಳಿಯಲ್ಲಿ ನಿಂತಿದ್ದವು. ಮುಖದ ಮೇಲೆ ಆಗ ಏನಿತ್ತೋ, ಅದನ್ನು ತೆಗೆಯಲು ಅವಳಿಗೆ ಹೊತ್ತು ಸಾಲಲಿಲ್ಲ. ಮುಷ್ಟಿ ಬಿಗಿಹಿಡಿದು, ಕಣ್ಣು ಹೊಳೆಯುತ್ತ ನಿಂತಿದ್ದ ಇವಾಸೆ ಅದನ್ನು ನೋಡಿದ.

ಅವನು ನೋಡಿದ್ದು ಅವಳಿಗೂ ಕಾಣಿಸಿತು.

ಆ ಆಟದಲ್ಲಿ ಸಾಲು ಗೋಡೆ ಮುಟ್ಟಲಿಲ್ಲ. ಫೋಟೊಗಳ ನಡುವೆ ಅವಳು ಇವಾಸೆಯ ಹತ್ತಿರ ಬಂದು, ನಗುನಗುತ್ತ, ಕಿವಿಯಲ್ಲಿ ಹೇಳಿದಳು. "ತುಂಬ ಚೆನ್ನಾಗಿತ್ತು. ನಾಳೆ ಮಾತ್ರ ಇನ್ನೊಂಚೂರು ಹತ್ತಿರಕ್ಕೆ ಎಸೀರಿ, ಆಯ್ತಾ?"

ಇವಾಸೆ ತಲೆಯಾಡಿಸಿದ. ಮರುದಿನ ಎಸೆದ. ಕೊನೆಯ ದಿನವೂ ಎಸೆದ. ರಿಬ್ಬನ್ನುಗಳೆಲ್ಲ ಬಿದ್ದವು. ಕೈ ನಡುಗಿ ಬಿದ್ದವೋ, ಅವನೇ ಬೀಳಿಸಿದನೋ, ಸುಜುನೊ ನೋಡಲಿಲ್ಲ. ಅವಳು ಸಾಲು ನೋಡುತ್ತಿದ್ದಳು. ಅದು ಬಾಗಿಲು ದಾಟಿತ್ತು.

ಪಾಳಿ ಮುಗಿದ ಮರುದಿನ ಬೆಳಿಗ್ಗೆ ಯಜಮಾನಿ ಒಕಿನೊ ಅವಳಿಗೆ ಕಿತ್ತಳೆ ಸುಲಿದೇ ಕೊಟ್ಟಳು.

"ಹೊಸ ವರ್ಷದ ಪಾಳಿ ನಿನಗೇ. ಅದೂ ಕಡೇ ಕುಣಿತ. ತೊಮೊಯೆ ಇದ್ದ ಜಾಗ."

"ಅಕ್ಕ?"

"ಅವಳನ್ನ ಕರೀತಿಲ್ಲ. ಅವಳಿಗೂ ಹೇಳಿದೀನಿ, ನಕ್ಕಳು. ನೀನು ಆ ಮುದುಕನ್ನ ಕರ್ಕೊಂಡು ಬಾ. ಬೋರ್ಡಲ್ಲಿ ನಿನ್ನ ಹೆಸರಿನ ಕೆಳಗೆ ಅವನ ಹೆಸರೂ ಹಾಕಿಸ್ತೀನಿ."

"ಇವಾಸೆಯವರು ಬರಲ್ಲ ಅಂದ್ರೆ? ಬೇರೆ ಯಾರನ್ನಾದ್ರೂ..."

"ಬೇರೆಯವನು ಬೇಕಂತ ನಡುಗಿಸಿದ್ರೆ ಜನಕ್ಕೆ ಗೊತ್ತಾಗಲ್ವಾ?" ಯಜಮಾನಿ ಬೆರಳು ಒರೆಸಿಕೊಂಡಳು. "ನೋಡು, ಕೆಟ್ಟ ಮಾತು ಅನ್ಕೋಬೇಡ. ಆ ಸಾಲು ನಿನ್ನದಲ್ಲ ಮಗಳೆ, ಅವನದು. ಅವನಿದ್ರೆ ನೀನು. ಅವನಿಲ್ಲ ಅಂದ್ರೆ ಸೆಂದಾಯಿಗೆ ಟಿಕೆಟ್ ತಗೋ."

ಬಣ್ಣದ ಕೋಣೆಯಲ್ಲಿ ತೊಮೊಯೆ ಪೆಟ್ಟಿಗೆ ಕಟ್ಟುತ್ತಿದ್ದಳು. ಬೆಳ್ಳಿ ಬಣ್ಣದ ಕಿಮೊನೊವನ್ನು ಮಡಿಸದೆ ಗೂಟಕ್ಕೇ ಬಿಟ್ಟಿದ್ದಳು. "ನಿನಗೆ ಉದ್ದ ಆಗುತ್ತೆ. ಕತ್ತರಿಸ್ಕೋ," ಎಂದಳು.

"ಎಲ್ಲಿಗೆ ಹೋಗ್ತೀರಿ ಅಕ್ಕ?"

"ತಂಗಿ ಊರಲ್ಲಿ ಮೀನು ಒಣಗಿಸೋ ಕೆಲಸ ಇದೆಯಂತೆ. ಕೂತ್ಕೊಂಡು ಮಾಡೋದು. ನನ್ನ ಸೊಂಟಕ್ಕೆ ಅದೇ ಸರಿ."

ಸುಜುನೊ ಬಾಗಿಲಲ್ಲೇ ನಿಂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

"ಇವಾಸೆ ಮೊನ್ನೆ ಬಂದಿದ್ರು, ಹಿಂದಿನ ಬಾಗಿಲಿಗೆ," ಎಂದಳು ತೊಮೊಯೆ, ಪೆಟ್ಟಿಗೆಯ ಮೇಲೆ ಮಂಡಿಯೂರಿ ಬೀಗ ಒತ್ತುತ್ತ. "ನನ್ನನ್ನ ಆ ಹುಡುಗಿಗೆ ಕೊಟ್ಟುಬಿಟ್ಟೆ ಅಲ್ವಾ, ನೀನೇ ಆಗಲಿ ಅಂದೆ ಅಲ್ವಾ, ಅಂತ ಕೇಳಿದ್ರು. ಹೌದು ಅಂದೆ."

"ಅಕ್ಕ, ನಾನು..."

"ಇಲ್ಲ ಅಂದಿದ್ರೆ ನಿನ್ನ ಪಾಳಿ ಅರ್ಧಕ್ಕೇ ನಿಲ್ಲುತ್ತಿತ್ತು. ನಾನೇ ಕಲಿಸಿದ್ದು, ನೀನು ಚೆನ್ನಾಗಿ ಕಲಿತೆ. ಬೈಯೋಕೆ ನನಗೆ ಬಾಯೆಲ್ಲಿದೆ? ಈ ಕಡೆ ಒತ್ತು, ಬೀಗ ಹತ್ತುತಿಲ್ಲ."

ಇಬ್ಬರೂ ಒತ್ತಿದರು. ಬೀಗ ಹತ್ತಿತು.

ಹಡಗುಕಟ್ಟೆಯ ಕಾಯುವ ಕೋಣೆಯಲ್ಲಿ ಇವಾಸೆ ಒಬ್ಬನೇ ಕೂತಿದ್ದ. ಕೆಲಸ ಬಿಟ್ಟ ಮೇಲೂ ಬೆಳಗಿನ ಹಡಗು ಬರುವ ಹೊತ್ತಿಗೆ ಅಲ್ಲಿ ಕೂರುವುದು ಅವನ ಅಭ್ಯಾಸ ಎಂದು ನೊಗುಚಿ ಹೇಳಿದ್ದ. ಕಿಟಕಿಯಾಚೆ ಸಮುದ್ರ ಬೂದಿಯ ಬಣ್ಣಕ್ಕಿತ್ತು. ಬಣ್ಣವಿಲ್ಲದ ಮುಖದಲ್ಲಿ, ದಪ್ಪ ಕೋಟಿನಲ್ಲಿ ಬಂದ ಅವಳನ್ನು ಅವನು ಗುರುತು ಹಿಡಿಯಲು ಸ್ವಲ್ಪ ತಡವಾಯಿತು.

ಬಾಯಿ ತೆರೆದರೆ ಬಂದದ್ದು ಅದೇ ಮಾತು. "ಊಟ ಆಯ್ತಾ?"

ಇವಾಸೆ ನಕ್ಕ. ಸಿಟ್ಟಿಲ್ಲದ ನಗು.

"ಇದನ್ನ ಅವಳು ನನಗೆ ಮೊದಲ ಸಲ ಕೇಳಿದಾಗ ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ," ಎಂದ. "ಆಮೇಲೆ ನೋಡ್ತೀನಿ, ಎಲ್ಲರಿಗೂ ಕೇಳ್ತಾಳೆ. ಮೀನಿನವನಿಗೂ, ಪೊಲೀಸಿನವನಿಗೂ. ಗೊತ್ತಾದ ಮೇಲೂ ನಾನು ಊಟ ಮಾಡದೇ ಬರ್ತಿದ್ದೆ. ಇಲ್ಲ, ಇನ್ನೂ ಆಗಿಲ್ಲ ಅಂತ ಸುಳ್ಳು ಹೇಳಬಾರದಲ್ಲ ಅವಳಿಗೆ."

ಸುಜುನೊ ಅವನ ಪಕ್ಕ ಕೂತಳು. ಅವನ ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಅವಳು ಅದನ್ನು ನೋಡಬಾರದೆಂದುಕೊಂಡಳು.

"ಅಕ್ಕ ಆಗಲಿ ಅಂದಿರಲಿಲ್ಲ. ನಾನೇ ಸುಳ್ಳು ಹೇಳಿದ್ದು."

"ಗೊತ್ತು. ಹೌದು ಅಂದಾಗ ಅವಳ ಮುಖ ನೋಡಿದೆನಲ್ಲ. ಅವಳ ಮುಖ ನೋಡ್ತಾನೇ ಇಷ್ಟು ವರ್ಷ ಕಳೆದಿದೀನಿ."

ದೂರದಲ್ಲಿ ಹಡಗು ಕೂಗಿತು. ಯಾರೋ ಕಿತ್ತಳೆ ಬಣ್ಣದ ಅಂಗಿ ತೊಟ್ಟ ತರುಣ ಹಗ್ಗದ ಸುರುಳಿ ಎಳೆದುಕೊಂಡು ಕಟ್ಟೆಯ ತುದಿಗೆ ಹೋದ.

"ಹೊಸ ವರ್ಷದ ಪಾಳಿಗೆ ನನ್ನ ಕರೆದಿದಾರೆ," ಎಂದಳು ಸುಜುನೊ. "ನೀವು ಬಂದ್ರೆ ಮಾತ್ರ. ಬೋರ್ಡಲ್ಲಿ ನಿಮ್ಮ ಹೆಸರೂ ಬರೆಸ್ತಾರಂತೆ. ಟಿಕೆಟ್ ಬೇಡ. ರಿಬ್ಬನ್ನಿನ ಖರ್ಚು ನನ್ನದು. ಕುರ್ಚಿ ಹಾಕಿಸ್ತೀನಿ, ನಿಂತ್ಕೊಂಡೇ ಇರಬೇಕು ಅಂತಿಲ್ಲ."

ಅವನು ಹಗ್ಗ ಹಿಡಿದ ತರುಣನನ್ನೇ ನೋಡುತ್ತಿದ್ದ.

"ಹತ್ತಿರಕ್ಕೆ ಎಸೀರಿ ಅಂತ ಇನ್ನು ಹೇಳಲ್ಲ. ನಿಮ್ಮ ಕೈ ಹೇಗೆ ಬರುತ್ತೋ ಹಾಗೆ ಎಸೀರಿ."

"ಅಂದು ಬಂದ ಹಾಗೆ ಬಂದ್ರೆ?" ಇವಾಸೆ ತಿರುಗಿ ಅವಳ ಮುಖವನ್ನೇ ನೋಡಿದ. "ಒಂದೂ ಬೀಳಲಿಲ್ಲ ಅಂದ್ರೆ ಏನು ಮಾಡ್ತೀಯಮ್ಮ?"

ತೊಮೊಯೆ ಕಲಿಸಿದ್ದನ್ನೆಲ್ಲ ಅವಳು ತಡಕಾಡಿದಳು. ಮಾರುವ ಮಾತುಗಳು ಎಷ್ಟೋ ಇದ್ದವು. ಒಂದೊಂದನ್ನೂ ಅವನು ಅವಳಿಗಿಂತ ಮೊದಲೇ ಕೇಳಿದ್ದ, ಎಲ್ಲವೂ ಗೊತ್ತಿದ್ದೂ ದುಡ್ಡು ಕೊಟ್ಟಿದ್ದ.

"ಒಂದೇ ಪಾಳಿ, ಇವಾಸೆಯವರೆ," ಎಂದಳು ಕೊನೆಗೆ. ದನಿ ಮಾರುವವಳದ್ದಾಗಿರಲಿಲ್ಲ. "ಇದೊಂದು ವೇದಿಕೆ ಬಿಟ್ರೆ ನನಗೆ ಕುಣಿಯೋಕೆ ಜಾಗ ಇಲ್ಲ. ನೀವು ಬರಲಿಲ್ಲ ಅಂದ್ರೆ ಅದೂ ಹೋಗುತ್ತೆ."

"ಗೊತ್ತಮ್ಮ," ಎಂದ ಇವಾಸೆ. "ಎಸೆಯಲ್ಲ."